ನಕ್ಷತ್ರ ಬೀಳದ ವರದಿ

ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಅಕ್ಕನಿಗೆ ಸೂಜಿಯಕ್ಕ ಎಂದೇ ಹೆಸರು. ಹದಿನೆಂಟು ವರ್ಷ ರಕ್ತ ತೆಗೆದು ಪಳಗಿದ ಕೈ. ನಮ್ಮಿಬ್ಬರಲ್ಲಿ ಬಾಯಿ ಜೋರು ನನ್ನದು, ಅವಳು ಯಾರಿಗೂ ಎದುರಾಡಿದವಳಲ್ಲ. ಆದರೆ ಕಾಯಿಲೆಯ ವಿಷಯ ಬಂದರೆ ಮನೆಯಲ್ಲಿ ಅವಳದೇ ಕೊನೆಯ ಮಾತು. ನೆಗಡಿಯಾದರೂ ಅವಳು "ಏನಿಲ್ಲ, ಹೋಗೇ" ಎಂದ ಮೇಲೆಯೇ ನನಗೆ ಸಮಾಧಾನ.

ಮೂರು ವರ್ಷದ ಹಿಂದೆ ಲ್ಯಾಬಿನ ದೊಡ್ಡ ಡಾಕ್ಟರು ಅವಳಿಗೊಂದು ಹೊಸ ಕೆಲಸ ಹಚ್ಚಿದರು. ಬಸುರಿಯಲ್ಲಿ ಕಿಡ್ನಿ ಹೆಚ್ಚು ದುಡಿಯುತ್ತದೆ, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಇಳಿಯಬೇಕು. ಉಳಿದವರಿಗೆ ಸರಿಯಾದ ಅಂಕಿ ಬಸುರಿಗೆ ಅಪಾಯ. ಹಾಗಾಗಿ ನೂರಿಪ್ಪತ್ತು ಆರೋಗ್ಯವಂತ ಬಸುರಿಯರ ರಕ್ತ ನೋಡಿ ಬಸುರಿಯರಿಗೇ ಬೇರೆ ಮಿತಿ ಗೊತ್ತುಮಾಡಬೇಕಿತ್ತು. ಮಿತಿ ದಾಟಿದರೆ ವರದಿಯಲ್ಲಿ ಅಂಕಿಯ ಪಕ್ಕ ನಕ್ಷತ್ರ ಬೀಳುತ್ತದೆ.

ರಕ್ತ ಕೊಟ್ಟವರಿಗೆಲ್ಲ ಹೆರಿಗೆಯ ನಂತರ ಅಕ್ಕ ಫೋನ್ ಮಾಡುತ್ತಿದ್ದಳು. ಬಿಪಿ ಏರಿ ನರಳಿದವರು, ಮಗು ಕಳೆದುಕೊಂಡವರು ಲೆಕ್ಕಕ್ಕೆ ಸೇರಿದರೆ ಅವರ ಹೆಚ್ಚಿನ ಅಂಕಿಯಿಂದ ಮಿತಿಯೇ ಮೇಲೇರಿ ಕೆಡುತ್ತದೆ. ಅಂಥ ಹನ್ನೊಂದು ಹೆಸರನ್ನು ಕೆಂಪು ಪೆನ್ನಿನಲ್ಲಿ ಹೊಡೆದಳು. ಕೊನೆಗೆ ಮಿತಿಯ ಪಟ್ಟಿ ಅಚ್ಚಾಯಿತು, ಲ್ಯಾಬಿನ ವರದಿಗಳಿಗೂ ಅದೇ ಮಿತಿಯಾಯಿತು, ಡಾಕ್ಟರಿಗೆ ಚಪ್ಪಾಳೆಯೂ ಸಿಕ್ಕಿತು.

ಆಮೇಲೆ ನಾನು ಬಸುರಿಯಾದೆ. ಏಳನೇ ತಿಂಗಳಲ್ಲಿ ಕಾಲು ಊದಿತು, ತಲೆ ಸಿಡಿಯತೊಡಗಿತು. ಅಕ್ಕನೇ ರಕ್ತ ತೆಗೆದಳು, ಅವಳೇ ವರದಿ ತಂದಳು. ಕ್ರಿಯಾಟಿನಿನ್ ೦.೯. ನಕ್ಷತ್ರವಿಲ್ಲ.

"ಎಲ್ಲಾ ನಾರ್ಮಲ್. ತಲೆ ಕೆಡಿಸ್ಕೋಬೇಡ, ಕಾಲು ಮೇಲಿಟ್ಕೊಂಡು ಮಲ್ಕೋ."

ಹೆರಿಗೆ ಡಾಕ್ಟರ ಹತ್ತಿರ ಹೊರಟಿದ್ದ ನಾನು ಬಾಗಿಲಲ್ಲೇ ಚಪ್ಪಲಿ ಬಿಚ್ಚಿ ಒಳಗೆ ಬಂದೆ. ಐದನೇ ದಿನ ಬಿಪಿ ಏರಿ ಫಿಟ್ಸ್ ಬಂತು. ನಾನು ಉಳಿದೆ, ಮಗು ಉಳಿಯಲಿಲ್ಲ.

ವಾರದ ಮೇಲೆ ಅಕ್ಕ ತನ್ನ ಹಳೆಯ ನೋಟ್‌ಬುಕ್ ಹಿಡಿದು ವಾರ್ಡಿಗೆ ಬಂದಳು. ನೂರಿಪ್ಪತ್ತು ತುಂಬಲಿಲ್ಲವೆಂದು ಲ್ಯಾಬಿನ ಡಾಕ್ಟರು ಆ ಹನ್ನೊಂದು ಜನರನ್ನೂ ವಾಪಸ್ ಸೇರಿಸಿಬಿಟ್ಟಿದ್ದರಂತೆ. ಅವರನ್ನು ಬಿಟ್ಟಿದ್ದರೆ ಮಿತಿ ೦.೭ಕ್ಕೇ ನಿಲ್ಲುತ್ತಿತ್ತು, ನನ್ನ ವರದಿಗೆ ನಕ್ಷತ್ರ ಬೀಳುತ್ತಿತ್ತು.

"ನಂಬಿಸಿ ಕತ್ತು ಕುಯ್ದ ಕಣೇ ಆ ಮನುಷ್ಯ" ಎಂದು ಅತ್ತಳು.

"ನಿಂಗೆ ಯಾವಾಗ ಗೊತ್ತಾಯ್ತು?"

ಅವಳು ನೋಟ್‌ಬುಕ್ ಮುಚ್ಚಿದಳು. "ಪಟ್ಟಿ ಅಚ್ಚಾದ ದಿನಾನೇ. ಅಷ್ಟೆಲ್ಲ ಓದಿರೋರು, ಅವ್ರಿಗೆ ಗೊತ್ತಿರಲ್ವಾ ಅಂತ ಬಾಯಿ ಮುಚ್ಕೊಂಡಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಡಾಕ್ಟರ ಮುಖವನ್ನೇ ನಾನು ಕಂಡವಳಲ್ಲ, ಇನ್ನು ನಂಬುವ ಮಾತೆಲ್ಲಿ? ಅವತ್ತು ಬಾಗಿಲಲ್ಲಿ ಚಪ್ಪಲಿ ಬಿಚ್ಚಿದ್ದು ಅಕ್ಕನ ಮಾತಿಗೆ.