ಫಿರ್ಮಾಂ ಮಲಗುವ ಊರು

ನಮ್ಮೂರು ಪೆಯ್ರಗಾಲಿನ ರಸ್ತೆಯನ್ನು ಮೂವತ್ತೆಂಟು ವರ್ಷ ನೋಡಿಕೊಂಡವನು ಫಿರ್ಮಾಂ ದೆಲ್ಸುಕ್. ಗುಂಡಿ ಮುಚ್ಚುವುದು, ಅಂಚಿನ ಹುಲ್ಲು ಕೊಯ್ಯುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು ಅವನ ಕೆಲಸ. ಪಕ್ಕದೂರು ಕುಂಬೇಲಿನ ಗಡಿಕಲ್ಲು ಬಂತೆಂದರೆ ಅವನ ಕುಡುಗೋಲು ಗಾಳಿಯಲ್ಲೇ ನಿಲ್ಲುತ್ತಿತ್ತು. ಒಮ್ಮೆ ಸರಿಯಾಗಿ ಗಡಿಯ ಮೇಲೆಯೇ ಒಂದು ಗುಂಡಿ ಬಿತ್ತು. ಫಿರ್ಮಾಂ ಅರ್ಧ ಮುಚ್ಚಿ ಮನೆಗೆ ಹೋದ. ಉಳಿದರ್ಧಕ್ಕೆ ಪಾದ್ರಿಯ ಕಾರು ಇಳಿಯಿತು. ಪಾದ್ರಿ ಬೈದಾಗ ಇವನು ಟೇಪು ಹಿಡಿದು, ಸಿಕ್ಕಿಕೊಂಡ ಚಕ್ರ ಕುಂಬೇಲಿನಲ್ಲಿದೆ ಎಂದು ಅಳೆದು ತೋರಿಸಿದ.

ಅಂಥವನ ಮನೆಯೂ ಗಡಿಯ ಮೇಲೆಯೇ ಕೂತಿತ್ತು. ಅಡುಗೆಮನೆ, ನಡುಮನೆ, ದೊಡ್ಡ ಮಲಗುವ ಕೋಣೆ ನಮ್ಮ ಊರಿಗೆ ಸೇರಿದ್ದವು. ಹಿಂದೆ ಚೆಸ್ಟ್‌ನಟ್ ಕಾಯಿ ಒಣಗಿಸುತ್ತಿದ್ದ ಹಿಂಬದಿಯ ಸಣ್ಣ ಕೋಣೆ ಕುಂಬೇಲಿಗೆ ಸೇರಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಅವನ ಹೆಂಡತಿ ಜಿನೆಟ್ ನಮ್ಮ ಮೇಯರ್. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಮಲಗಿದ ಮೇಲೆಯೇ ಶುರುವಾಗುತ್ತಿತ್ತು, ಏಕೆಂದರೆ ಫಿರ್ಮಾಂನ ಗೊರಕೆ ಹಾಗಿತ್ತು. ಸೆಪ್ಟೆಂಬರಿನಲ್ಲಿ ಅವಳು ಅವನನ್ನು ದಿಂಬಿನ ಸಮೇತ ಹಿಂದಿನ ಕೋಣೆಗೆ ಅಟ್ಟಿದಳು. ಅವನು ಹೋಗಿ ಅಲ್ಲೇ ಹಾಸಿಗೆ ಹಾಸಿಕೊಂಡ.

ಆ ಚಳಿಗಾಲ ಜನಗಣತಿ ಬಂತು. ಊರ ಕಚೇರಿಯ ಗುಮಾಸ್ತೆ ನಾನೇ, ಗಣತಿಯವಳೂ ನಾನೇ. ಎರಡು ಊರಿಗೆ ಎರಡು ಕಚೇರಿ ದಂಡ ಎಂದು ಇಬ್ಬರು ಮೇಯರುಗಳೂ ಮೊದಲೇ ಒಂದು ಒಪ್ಪಂದ ಮಾಡಿಕೊಂಡಿದ್ದರು: ಗಣತಿಯಲ್ಲಿ ಯಾವ ಊರಿಗೆ ತಲೆ ಕಡಿಮೆಯೋ ಅದು ಇನ್ನೊಂದರಲ್ಲಿ ಸೇರಬೇಕು, ಹೆಸರನ್ನೂ ಬಿಡಬೇಕು. ನಾವು ಇಪ್ಪತ್ತೊಂದು, ಅವರು ಇಪ್ಪತ್ತು. ಹಾಗೆಂದುಕೊಂಡೇ ಜಿನೆಟ್ ನಗುತ್ತ ಸಹಿ ಹಾಕಿದ್ದಳು.

ನಾನು ಫಾರ್ಮು ಹಿಡಿದು ಹೋದಾಗ ಫಿರ್ಮಾಂ ಅಡುಗೆಮನೆಯಲ್ಲಿ ಸೂಪು ಕುಡಿಯುತ್ತಿದ್ದ.

"ನಂಗಲ್ಲ ಸೊಲಾಂಜ್ ಅದು. ಮಲಗೋ ಜಾಗ ತಾನೇ ಲೆಕ್ಕ? ನಾನು ಮಲಗೋದು ಕುಂಬೇಲಲ್ಲಿ."

"ಊಟ ಇಲ್ಲೇ ಮಾಡ್ತಿದೀಯಲ್ಲೋ ಮಾರಾಯ!"

"ಊಟಕ್ಕೆ ಬಂದಿದೀನಿ. ನೆಂಟರು ಬರಲ್ವಾ, ಹಾಗೆ."

ಲೆಕ್ಕ ತಿರುವುಮುರುವಾಯಿತು. ನಾವು ಇಪ್ಪತ್ತು, ಅವರು ಇಪ್ಪತ್ತೊಂದು. ಜಿನೆಟ್ಟಿಗೆ ಹೇಳಿದೆ, ಹೋಗಿ ಅವನನ್ನು ಕರೆ, ಒಂದು ಮಾತಿನ ಕೆಲಸ ಎಂದು.

"ಮೇಯರಾಗಿ ಕರೀತೀನಿ. ಹೆಂಡ್ತಿಯಾಗಿ ಕರಿಯಲ್ಲ," ಎಂದಳು.

ಮೇಯರಾಗಿಯೇ ಸಭೆ ಕರೆದಳು. ಶ್ರೀ ಫಿರ್ಮಾಂ ದೆಲ್ಸುಕ್ ಅವರು ಗಣತಿ ಮುಗಿಯುವವರೆಗೆ ಮೇಯರ್ ಅವರ ಮಂಚದಲ್ಲಿ ಮಲಗತಕ್ಕದ್ದು ಎಂದು ಠರಾವು ಬರೆದೆವು. ಎಡಕ್ಕೋ ಬಲಕ್ಕೋ ಎಂಬುದರ ಮೇಲೆ ಅರ್ಧ ಗಂಟೆ ಚರ್ಚೆ ನಡೆಯಿತು. ಕೊನೆಗೆ ಎಡಕ್ಕೆ ಆರು ಕೈ ಎದ್ದವು. ಮೇಯರ್ ತಟಸ್ಥರಾಗಿ ಉಳಿದರು.

ಫಿರ್ಮಾಂ ಹಿಂದಿನ ಕೋಣೆಯಲ್ಲೇ ನಿಂತು ಠರಾವನ್ನು ಎರಡು ಸಲ ಓದಿ, ಮೊಹರನ್ನು ಬೆರಳಿನಿಂದ ಸವರಿ ನೋಡಿದ. ಎಲ್ಲ ಕ್ರಮವಾಗಿದೆ, ಆದರೆ ಪೆಯ್ರಗಾಲಿನ ಆಜ್ಞೆ ಈ ಕೋಣೆಯ ಹೊಸ್ತಿಲಿಗೇ ಮುಗಿಯುತ್ತದೆ ಎಂದು ವಾಪಸು ಕೊಟ್ಟ. ನನಗೆ ಮೈಯೆಲ್ಲ ಉರಿಯಿತು.

ಗಣತಿಯ ಕೊನೆಯ ದಿನ ಮಧ್ಯಾಹ್ನ ಜಿನೆಟ್ ಹೆಗಲಿಗೆ ಮೇಯರಿನ ಮೂರು ಬಣ್ಣದ ಪಟ್ಟಿ ಹಾಕಿಕೊಂಡು ಆ ಹೊಸ್ತಿಲಿಗೆ ಬಂದಳು. ಸಾಕ್ಷಿಗೆ ನಾನು ಹಿಂದೆ ನಿಂತಿದ್ದೆ. ಐದು ತಿಂಗಳಲ್ಲಿ ಅವಳು ಆ ಕೋಣೆಗೆ ಇಣುಕಿರಲಿಲ್ಲ. ಒಳಗೆ ಒಲೆಯಿಲ್ಲ. ಫಿರ್ಮಾಂ ಕೋಟು ತೊಟ್ಟು ಹಾಸಿಗೆಯಲ್ಲಿ ಕೂತು ಕೆಮ್ಮುತ್ತಿದ್ದ. ಪಕ್ಕದ ಲೋಟದಲ್ಲಿ ನೀರು ಹೆಪ್ಪುಗಟ್ಟಿ ಗಡ್ಡೆಯಾಗಿತ್ತು.

ಜಿನೆಟ್ ಲೋಟವನ್ನೇ ನೋಡಿದಳು. "ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅವಳು ದೊಡ್ಡ ಕೋಣೆಗೆ ಹೋದಳು. ಅವನಿಗೆ ಹಾಸಿಗೆ ಬಿಡಿಸಲು ಹೋದಳು, ಊರು ಉಳಿಯಿತು ಅಂದುಕೊಂಡೆ. ಎರಡು ರಜಾಯಿ, ತನ್ನ ದಿಂಬು ಹೊತ್ತುಕೊಂಡು ಬಂದಳು. ಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟು ಹೊಸ್ತಿಲು ದಾಟಿದಳು.

"ಏ, ನಾನೇ ಆಚೆ ಬರ್ತೀನಿ ಕಣೇ," ಎಂದು ಫಿರ್ಮಾಂ ಗಾಬರಿಯಿಂದ ಎದ್ದ.

"ಕೂತ್ಕೋ. ಐದು ತಿಂಗ್ಳು ನೀನಿದ್ದೆ. ಇನ್ನು ನಾನೂ ಇರ್ತೀನಿ." ನನ್ನ ಕಡೆ ತಿರುಗಿದಳು. "ಬರ್ಕೋ ಸೊಲಾಂಜ್. ಕುಂಬೇಲಿಗೆ ಇಬ್ರು."

ಬೇಡ ಎಂದು ಬೇಡಿಕೊಂಡೆ, ಬೈದೆ, ಅತ್ತೂ ಬಿಟ್ಟೆ. ಅವಳು ರಜಾಯಿ ಹೊದಿಸುತ್ತಿದ್ದಳು. ಕೊನೆಗೆ ಹತ್ತೊಂಬತ್ತು ಎಂದು ಬರೆದು ಸಹಿ ಹಾಕಿದೆ.

ಏಳುನೂರು ವರ್ಷದ ಹೆಸರು ಹೋಯಿತು. ಸೇರಿದ ಊರಿಗೆ ಚುನಾವಣೆ ನಡೆದಾಗ ಕುಂಬೇಲಿನವರು, ಏನೇ ಆದರೂ ಈಗ ನಮ್ಮೂರ ಹೆಂಗಸು ಎಂದು ಜಿನೆಟ್ಟನ್ನೇ ಆರಿಸಿದರು. ನಮ್ಮವರಿಗೆ ಅವಳ ಮುಖ ಕಂಡರಾಗದು. ಊರನ್ನು ಗಂಡನಿಗೆ ಮಾರಿದಳು ಎಂದು ಇವತ್ತಿಗೂ ಬೈಯುತ್ತಾರೆ, ನಾನೂ ಅವರ ಜೊತೆ ಕೂತು ಬೈಯುತ್ತೇನೆ. ಓಟು ಮಾತ್ರ ಅವಳಿಗೇ ಹಾಕಿದೆ.