ಕತ್ತಿನ ಹಿಂದಿನ ಬೆವರು

ಬೆಳಿಗ್ಗೆ ಆರೂವರೆ. ನರ್ಸಿಂಗ್ ಕಾಲೇಜಿನ ಎರಡನೇ ಮಹಡಿಯ ಉದ್ದನೆಯ ಹಾಲ್‌ನಲ್ಲಿ ಆರು ಮಂಚಗಳಿವೆ. ಐದು ಮಂಚಗಳ ಮೇಲೆ ಪ್ಲಾಸ್ಟಿಕ್ ಬೊಂಬೆಗಳು ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಿವೆ. ಕಿಟಕಿ ಪಕ್ಕದ ಮಂಚದ ಅಂಚಿನಲ್ಲಿ ಮಾತ್ರ ಐವತ್ತೇಳರ ಒಬ್ಬ ಹೆಂಗಸು ಕಾಲು ಇಳಿಬಿಟ್ಟು ಕೂತು, ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದಾರೆ. ಅವರ ತಲೆಯ ಮೇಲಿನ ಬೋರ್ಡಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದೆ: ರಾತ್ರಿಯಿಂದ ಉಪವಾಸ, ಬಾಯಿಗೆ ಏನೂ ಕೊಡಬಾರದು.

ಎದುರಿಗೆ ನಿಂತಿರುವ ಟೀಚರ್ ತಟ್ಟೆ ಖಾಲಿಯಾಗುವವರೆಗೂ ಅಲುಗುವುದಿಲ್ಲ. ಮೊಟ್ಟೆಯ ಕೊನೆಯ ಚೂರು ಬಾಯಿಗೆ ಹೋದ ಮೇಲೆ ಒಂದು ಹಾಳೆಯಲ್ಲಿ ‘ರೋಗಿ ತಿಂದಿದ್ದಾರೆ’ ಎಂದು ಬರೆದು ಸಹಿ ಹಾಕುತ್ತಾರೆ. ಆಮೇಲೆ ಈ ಉಪವಾಸದ ರೋಗಿ ಕೈತೊಳೆದು ಬಂದು, ಸ್ಪ್ರೇ ಬಾಟಲಿಯಿಂದ ಹಣೆಗೂ ಮೇಲ್ದುಟಿಗೂ ನೀರು ಚಿಮುಕಿಸಿಕೊಳ್ಳುತ್ತಾರೆ. ಬಾಟಲಿಯನ್ನು ಟೀಚರ್ ಕೈಗೆ ಕೊಟ್ಟು ತಲೆ ಬಗ್ಗಿಸುತ್ತಾರೆ. ಕತ್ತಿನ ಹಿಂದೆ, ಕೂದಲ ಬುಡದಲ್ಲಿ, ಎರಡು ಸಲ ಸ್ಪ್ರೇ ಹೊಡೆಯಲೇಬೇಕು. ಅಲ್ಲಿಗೆ ಅವರ ಕೈ ಸರಿಯಾಗಿ ಹೋಗುವುದಿಲ್ಲ.

ಇವರ ಕೆಲಸ ರೋಗಿಯಾಗುವುದು. ಪರೀಕ್ಷೆಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳ ಕೈಗೆ ಒಂದು ಕೇಸ್ ಪೇಪರ್ ಸಿಗುತ್ತದೆ. ಅದರಲ್ಲಿರುವ ಕಾಯಿಲೆ ಅಂದು ಇವರಿಗೆ ಬಂದಿರುತ್ತದೆ. ಒಬ್ಬರಿಗೆ ಹತ್ತು ನಿಮಿಷ, ಗಂಟೆ ಬಾರಿಸಿದರೆ ಮುಂದಿನವರು. ದಿನಕ್ಕೆ ಇಪ್ಪತ್ತೆಂಟು ಜನ. ಅಂದರೆ ಒಂದೇ ನೋವನ್ನು ಇಪ್ಪತ್ತೆಂಟು ಸಲ, ಮೊದಲನೆಯವರಿಗೆ ಎಷ್ಟೋ ಕೊನೆಯವರಿಗೂ ಅಷ್ಟೇ ನರಳಬೇಕು. ಹೆಚ್ಚು ನರಳಿದರೂ ಅನ್ಯಾಯ, ಕಡಿಮೆ ನರಳಿದರೂ ಅನ್ಯಾಯ. ಇವರ ಬಗ್ಗೆ ಬರೆಯಲು ಬಂದಿರುವ ನನಗೆ, ಮನೆಯಲ್ಲಿ ನೆಗಡಿ ಬಂದಾಗ ಹೇಗಿದೆ ಎಂದು ಮೂರನೇ ಸಲ ಕೇಳಿದರೇ ದನಿ ಏರಿಸುವವನಿಗೆ, ಇದು ತಪಸ್ಸಿನಂತೆ ಕಾಣುತ್ತದೆ. ಅವರನ್ನು ಕೇಳಿದರೆ ಅದೇನು ಮಹಾ ಅನ್ನುತ್ತಾರೆ.

ಹುಡುಗ ಹುಡುಗಿಯರು ಇವರನ್ನು ‘ಕಿಟಕಿ ಮಂಚದ ಅಮ್ಮ’ ಎಂದು ಕರೆಯುತ್ತಾರೆ. ಮೂಲತಃ ದರ್ಜಿ. ಇದೇ ಕಾಲೇಜಿನ ಯೂನಿಫಾರ್ಮ್ ಹೊಲಿಯುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ ಒಂದು ದಿನ ಯೂನಿಫಾರ್ಮಿನ ಗಂಟು ಇಳಿಸಲು ಬಂದಾಗ, ಅಂದಿನ ರೋಗಿ ಕೈಕೊಟ್ಟು ಎಲ್ಲರೂ ಪೇಚಾಡುತ್ತಿದ್ದರಂತೆ. “ಹತ್ತು ನಿಮಿಷ ಮಲ್ಕೊಳಿ ಸಾಕು ಅಂದ್ರು. ಮಲ್ಕೊಂಡೆ. ಇನ್ನೂ ಎದ್ದಿಲ್ಲ ನೋಡಿ,” ಎಂದು ನಗುತ್ತಾರೆ.

ಅಂದಿನಿಂದ ಅರವತ್ತಮೂರು ಬಗೆಯ ಕೇಸುಗಳನ್ನು ಅನುಭವಿಸಿದ್ದಾರೆ. ಮೂರು ಸಲ ಮಂಡಿ ಆಪರೇಷನ್ ಆಗಿದೆ, ಎದೆನೋವಂತೂ ಲೆಕ್ಕಕ್ಕೇ ಸಿಗುವುದಿಲ್ಲ. ವಾಚು ರಿಪೇರಿ ಮಾಡುವ ಅವರ ಯಜಮಾನರು ಹಿಂದಿನ ದಿನ ಸಂಜೆ ಕೇಸ್ ಪೇಪರ್ ಹಿಡಿದು ವಿದ್ಯಾರ್ಥಿಯಾಗುತ್ತಾರೆ, ಇವರು ಸೋಫಾದ ಮೇಲೆ ರೋಗಿಯಾಗುತ್ತಾರೆ. ಇಷ್ಟು ವರ್ಷವಾದರೂ ಯಜಮಾನರು ಪಾಸಾಗಿಲ್ಲವಂತೆ. ರೋಗಿಯನ್ನು ಮುಟ್ಟುವ ಮೊದಲು ಕೈ ತೊಳೆಯುವುದನ್ನು ಈಗಲೂ ಮರೆಯುತ್ತಾರೆ.

ಮನೆಯಲ್ಲಿ ಮೂಗು ಮುರಿದವರು ನಾದಿನಿ ಒಬ್ಬರೇ. ದಿನಬೆಳಗಾದರೆ ಬಾಯಲ್ಲಿ ರೋಗದ ಹೆಸರು ಹೇಳಿಕೊಂಡು ಮಲಗಿದರೆ ರೋಗ ಸುಮ್ಮನಿರುತ್ತದೆಯೇ, ಒಂದಲ್ಲ ಒಂದು ದಿನ ಮನೆಗೇ ಬರುತ್ತದೆ ಎನ್ನುವುದು ಅವರ ವಾದ. ಅಮ್ಮ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು.

ಈ ಕೆಲಸಕ್ಕೆ ಎರಡು ಕಟ್ಟಳೆಗಳಿವೆ. ಒಂದು, ಕೇಳಿದರೆ ಮಾತ್ರ ಹೇಳಬೇಕು. ಕೇಳದ್ದನ್ನು ರೋಗಿ ತಾನಾಗಿ ಬಾಯಿ ಬಿಡಬಾರದು. ಇನ್ನೊಂದು ಕೇಳಿದರೆ ನಗು ಬರುತ್ತದೆ: ರೋಗಿಯಾಗಲು ಆರೋಗ್ಯವಾಗಿರಬೇಕು. ಕಾಯಿಲೆ ಇದ್ದವರನ್ನು ಐದು ಗಂಟೆ ಮಂಚದ ಮೇಲೆ ಮಲಗಿಸಿಕೊಳ್ಳಲು ಕಾಲೇಜು ಒಪ್ಪುವುದಿಲ್ಲ. ಇವರದೇ ಆದ ಮೂರನೆಯದೊಂದು ಪದ್ಧತಿಯೂ ಇತ್ತು. ಪೇಪರಿನಲ್ಲಿ ಇದ್ದಂತೆಯೇ ಇರುವುದು. ಕುಂಟುವ ರೋಗಿಯಾದರೆ ಹಿಂದಿನ ಸಂಜೆಯಿಂದಲೇ ಮನೆಯಲ್ಲಿ ಕುಂಟುತ್ತಿದ್ದರು. ಉಪವಾಸ ಎಂದಿದ್ದರೆ ನಿಜವಾಗಿಯೂ ಉಪವಾಸ ಮಾಡುತ್ತಿದ್ದರು.

ಮೂರು ವರ್ಷದ ಹಿಂದೆ ಇವೆಲ್ಲ ಒಟ್ಟಿಗೆ ಬಂದು ಒಬ್ಬ ಹುಡುಗಿಯ ತಲೆಯ ಮೇಲೆ ಬಿದ್ದವು.

ಅದಕ್ಕೂ ಒಂದು ವರ್ಷ ಮೊದಲು ಅಮ್ಮನಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಕಾಲೇಜಿಗೆ ಹೇಳಿದರೆ ಮಂಚ ಹೋಗುತ್ತದೆ, ಮನೆಯಲ್ಲಿ ಹೇಳಿದರೆ ನಾದಿನಿಯ ಮಾತು ನಿಜವಾಗುತ್ತದೆ. ಯಜಮಾನರೊಬ್ಬರನ್ನು ಬಿಟ್ಟು ಯಾರಿಗೂ ಹೇಳದೆ ಮಾತ್ರೆ ನುಂಗುತ್ತಿದ್ದರು. ಆ ದಿನದ ಕೇಸು ಆಪರೇಷನ್ನಿಗೆ ಹೊರಟ ಹೆದರಿದ ರೋಗಿಯದು. ಕೈ ನಡುಗಬೇಕು, ಹೊಟ್ಟೆ ಖಾಲಿ ಇರಬೇಕು. ಇವರು ಎಂದಿನಂತೆ ರಾತ್ರಿಯಿಂದ ಏನೂ ತಿನ್ನಲಿಲ್ಲ. ಆದರೆ ಬೆಳಿಗ್ಗೆ ಅಭ್ಯಾಸಬಲದಿಂದ ಸಕ್ಕರೆಯ ಮಾತ್ರೆ ನುಂಗಿ ಬಂದರು. ಖಾಲಿ ಹೊಟ್ಟೆಯಲ್ಲಿ ಆ ಮಾತ್ರೆ ರಕ್ತದ ಸಕ್ಕರೆಯನ್ನು ಹೇಗೆ ಕೆಳಗಿಳಿಸಿ ನಡುಕ, ಬೆವರು ತರುತ್ತದೆ ಎನ್ನುವುದು ಅವರು ಎಷ್ಟೋ ಸಲ ನಟಿಸಿದ್ದ ಕೇಸೇ ಆಗಿತ್ತು.

ಹನ್ನೊಂದನೆಯವಳಾಗಿ ಬಂದದ್ದು ದಪ್ಪ ಕನ್ನಡಕದ ಒಬ್ಬ ಹುಡುಗಿ. ಅಷ್ಟರಲ್ಲಿ ಅಮ್ಮನ ಕೈ ನಿಜವಾಗಿಯೇ ನಡುಗುತ್ತಿತ್ತು. ಪರೀಕ್ಷಕರು ಒಳ್ಳೆಯ ನಟನೆ ಎಂದುಕೊಂಡರು. ಹುಡುಗಿ ದಿಂಬು ಸರಿಮಾಡಲು ಕತ್ತಿನ ಹಿಂದೆ ಕೈ ಹಾಕಿದಳು, ಕೈ ಅಲ್ಲೇ ನಿಂತಿತು. ಆಕೆ ಈಗ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಸಿಸ್ಟರ್. ಫೋನಿನಲ್ಲಿ ಆ ಕ್ಷಣವನ್ನು ಹೀಗೆ ಹೇಳಿದರು: “ನಟನೆ ಬೆವರು ಹಣೆ ಮೇಲೆ ಇರುತ್ತೆ ಸಾರ್. ಅಮ್ಮನ ಕತ್ತಿನ ಹಿಂದೆ ಕೂದಲೆಲ್ಲ ಒದ್ದೆ ಆಗಿತ್ತು. ಅಲ್ಲಿಗೆ ಯಾರೂ ಸ್ಪ್ರೇ ಹೊಡಿಯಲ್ಲ.”

ಹುಡುಗಿ ಬಗ್ಗಿ ಮೆಲ್ಲಗೆ, ಪೇಪರಿನದು ಬಿಡಿ, ನಿಮಗೆ ನಿಜವಾಗಿ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದಳು. ಅಮ್ಮನ ಬುದ್ಧಿ ಆಗಲೇ ಮಂಕಾಗಿತ್ತು. ಪೇಪರಿನಲ್ಲಿ ರೋಗಿಗೆ ಸಕ್ಕರೆ ಇರಲಿಲ್ಲ. “ಇಲ್ಲ ಸಿಸ್ಟರ್,” ಎಂದರು. ಹುಡುಗಿ ನಂಬಲಿಲ್ಲ. ಕೈ ತಿರುಗಿಸಿ ನೋಡಿದಳು. ಉಂಗುರ ಬೆರಳ ತುದಿಯ ಪಕ್ಕದಲ್ಲಿ, ಸಕ್ಕರೆ ಪರೀಕ್ಷೆಗೆ ಚುಚ್ಚಿಕೊಳ್ಳುವ ಜಾಗದಲ್ಲಿ, ಸಣ್ಣ ಕಪ್ಪು ಚುಕ್ಕೆಗಳಿದ್ದವು. ಪರೀಕ್ಷೆಯಲ್ಲಿ ಜೀವಂತ ರೋಗಿಗೆ ಸೂಜಿ ತಾಗಿಸುವಂತಿಲ್ಲ. ಆಕೆ ನೇರವಾಗಿ ಪರೀಕ್ಷಕರ ಚಹಾ ತಟ್ಟೆಗೆ ನಡೆದು, ಸಕ್ಕರೆ ಡಬ್ಬಿ ಎತ್ತಿಕೊಂಡು ಬಂದು, ನೀರಿನಲ್ಲಿ ಕದಡಿ ಅಮ್ಮನಿಗೆ ಗುಟುಕು ಗುಟುಕಾಗಿ ಕುಡಿಸಿದಳು.

ಪರೀಕ್ಷಕರ ಪಟ್ಟಿಯಲ್ಲಿ ಕೆಂಪು ಗೆರೆ ಎಳೆದ ಒಂದೇ ಸಾಲಿತ್ತು: ಉಪವಾಸದ ರೋಗಿಯ ಬಾಯಿಗೆ ಏನಾದರೂ ಕೊಟ್ಟರೆ ಫೇಲು.

ಹಾಗೆಂದು ಪರೀಕ್ಷಕರು ಕಲ್ಲಿನಂಥವರೇನಲ್ಲ. ಹತ್ತಿರ ಬಂದು ಅಮ್ಮನನ್ನೇ ವಿಚಾರಿಸಿದರು. ಅಷ್ಟರಲ್ಲಿ ಸಕ್ಕರೆ ಒಳಗಿಳಿದು ಇವರಿಗೆ ಬುದ್ಧಿ ಮರಳಿತ್ತು. ಬುದ್ಧಿಯ ಹಿಂದೆಯೇ ಭಯವೂ ಬಂತು. ಈ ಭಾಗ ಹೇಳುವಾಗ ಅಮ್ಮ ನನ್ನ ಮುಖ ನೋಡುವುದಿಲ್ಲ, ಹೊದಿಕೆಯ ಅಂಚನ್ನು ಮಡಚುತ್ತ ಬಿಚ್ಚುತ್ತ ಇರುತ್ತಾರೆ. “ನಂಗೇನೂ ಆಗಿಲ್ಲ ಸಾರ್, ಆಕ್ಟ್ ಮಾಡ್ತಿದ್ದೆ ಅಂದೆ. ಬೆರಳು ತೋರ್ಸಿ ಅಂದ್ರು. ನಾನು ದರ್ಜಿ, ಹೊಲಿಗೆ ಸೂಜಿ ಚುಚ್ಚಿರೋದು ಅಂದೆ. ಎಷ್ಟು ಸಲೀಸಾಗಿ ಬಂತು ನೋಡಿ ಸುಳ್ಳು. ಹನ್ನೊಂದು ವರ್ಷ ಆಕ್ಟ್ ಮಾಡಿದ್ದಕ್ಕೆ ಅದೊಂದು ಚೆನ್ನಾಗಿ ಬಂದಿತ್ತು.”

ಹುಡುಗಿ ಸಕ್ಕರೆ ಡಬ್ಬಿಯನ್ನು ಚಹಾ ತಟ್ಟೆಗೆ ಮರಳಿಸಿದಳು. ಅಮ್ಮನ ಕಾಲ ಮೇಲೆ ಹೊದಿಕೆ ಎಳೆದು ಹೊರಗೆ ಹೋದಳು.

ಮೂರನೇ ದಿನ ನೋಟಿಸ್ ಬೋರ್ಡಿನಲ್ಲಿ ಫಲಿತಾಂಶ ಬಂತು. ಇಪ್ಪತ್ತೆಂಟು ನಂಬರುಗಳ ಪೈಕಿ ಒಂದರ ಮುಂದೆ ಮಾತ್ರ ಫೇಲು ಎಂದಿತ್ತು. ಇನ್ನೊಂದು ಪರೀಕ್ಷೆಗೆ ಆರು ತಿಂಗಳು ಕಾಯಬೇಕು, ಕೈಗೆ ಬಂದಿದ್ದ ಆಸ್ಪತ್ರೆಯ ಕೆಲಸವೂ ತಪ್ಪುತ್ತದೆ. ಹೊಲಿದ ಬಟ್ಟೆ ಕೊಡಲು ಬಂದ ಅಮ್ಮನಿಗೆ ಆ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದು ಕಂಡಿತು. ತಪ್ಪಿಸಿಕೊಂಡು ಪಕ್ಕದ ಬಾಗಿಲಿಂದ ಹೋಗೋಣ ಎಂದುಕೊಂಡರಂತೆ. ಅಷ್ಟರಲ್ಲಿ ಹುಡುಗಿಯೇ ಎದ್ದು ಬಂದಳು. ಬೈಯುತ್ತಾಳೆ ಎಂದು ಅಮ್ಮ ತಲೆ ತಗ್ಗಿಸಿ ನಿಂತರು.

“ಅಮ್ಮಾ, ಈಗ ಹೇಗಿದ್ದೀರಿ? ಬೆಳಿಗ್ಗೆ ತಿಂಡಿ ತಿಂದ್ರಾ?” ಹುಡುಗಿ ಕೇಳಿದ್ದು ಇಷ್ಟೇ.

ಅಂದು ಮಧ್ಯಾಹ್ನ ಅಮ್ಮ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಯಜಮಾನರ ಮುಂದೆ ಎಲ್ಲ ಹೇಳಿಕೊಂಡರು. ಯಜಮಾನರು ಉಪದೇಶ ಮಾಡಲಿಲ್ಲ. ಕೆಡಿಸಿದವರೇ ಬಿಚ್ಚಿ ಸರಿಮಾಡಬೇಕು, ವಾಚಿಗಾದರೂ ಅಷ್ಟೇ, ಎಂದು ಹೇಳಿ ಅಂಗಡಿಗೆ ಹೋದರಂತೆ. ನಾಲ್ಕು ಗಂಟೆಗೆ ಅಮ್ಮ ಪ್ರಿನ್ಸಿಪಾಲ್ ಮೇಡಂ ಮೇಜಿನ ಮೇಲೆ ತಮ್ಮ ಮಾತ್ರೆಯ ಪಟ್ಟಿ ಮತ್ತು ರಕ್ತಪರೀಕ್ಷೆಯ ಚೀಟಿ ಇಟ್ಟರು. “ಆ ಮಗು ಮಾಡಿದ್ದು ಸರಿ ಮೇಡಂ. ತಪ್ಪು ನಂದು. ಬರ್ಕೊಳಿ, ಸಹಿ ಹಾಕ್ತೀನಿ,” ಎಂದರು.

ಇಪ್ಪತ್ತು ದಿನಗಳ ಕಾಗದಪತ್ರಗಳ ಓಡಾಟದ ನಂತರ ಹುಡುಗಿ ಪಾಸಾದಳು. ಆಸ್ಪತ್ರೆಯವರು ಅಲ್ಲಿಯವರೆಗೆ ಕಾದಿದ್ದರು. ಅಮ್ಮನ ಮಂಚ ಹೋಯಿತು. ಅದರಲ್ಲಿ ಅನ್ಯಾಯವೇನೂ ಇಲ್ಲ ಎನ್ನುತ್ತಾರೆ ಅವರು. ಐದು ತಿಂಗಳು ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರು. ಸುದ್ದಿ ತಿಳಿದ ನಾದಿನಿ, ನಾನು ಅವತ್ತೇ ಹೇಳಿದ್ದೆ ಅನ್ನುತ್ತಾರೆಂದು ಕಾದರೆ, ಅವರು ತಮಗೂ ನಾಲ್ಕು ವರ್ಷದಿಂದ ಸಕ್ಕರೆ ಇದೆ, ಹೇಳಿಕೊಳ್ಳಲು ನಾಚಿಕೆಯಾಗಿತ್ತು ಅಂದರಂತೆ. ಈಗ ಇಬ್ಬರೂ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ.

ಆರನೇ ತಿಂಗಳು ಪ್ರಿನ್ಸಿಪಾಲ್ ಮೇಡಂ ತಮ್ಮ ಕೋಟಿನ ಗುಂಡಿ ಹಾಕಿಸುವ ನೆಪದಲ್ಲಿ ಮನೆಗೆ ಬಂದರು. ಕೋಟಿನ ಎಲ್ಲ ಗುಂಡಿಗಳೂ ಗಟ್ಟಿಯಾಗಿಯೇ ಇದ್ದವು. ಜೇಬಿನಲ್ಲಿ ಒಂದು ಹಾಳೆ ಇತ್ತು. ವಿದ್ಯಾರ್ಥಿಗಳಿಗೆ ಕೊಡುವ ಅಭ್ಯಾಸ ಪ್ರಶ್ನೆಗಳ ಪುಸ್ತಕಕ್ಕೆ ಸೇರಿಸಿದ ನಲವತ್ತೊಂದನೇ ಪ್ರಶ್ನೆ ಅದು. ಆಪರೇಷನ್ನಿಗೆ ಸಿದ್ಧಳಾದ, ಉಪವಾಸವಿರುವ ಮಹಿಳೆ, ಕೈ ನಡುಕ, ಕತ್ತಿನ ಹಿಂದೆ ತಣ್ಣನೆಯ ಬೆವರು, ಸಕ್ಕರೆ ಕಾಯಿಲೆ ಇಲ್ಲ ಎನ್ನುತ್ತಾಳೆ, ಮೊದಲು ಏನು ಮಾಡುವಿರಿ? ಇದನ್ನು ಬೊಂಬೆಯ ಮೇಲೆ ಕಲಿಸಲು ಆಗುವುದಿಲ್ಲ, ಬೊಂಬೆ ಸುಳ್ಳು ಹೇಳುವುದಿಲ್ಲ, ಮತ್ತೆ ಮಂಚಕ್ಕೆ ಬನ್ನಿ ಎಂದರು ಮೇಡಂ. ಷರತ್ತುಗಳೂ ಇದ್ದವು. ಟೀಚರ್ ಎದುರಿಗೆ ತಿನ್ನಬೇಕು. ಮಂಚದ ಪಕ್ಕ ಸಕ್ಕರೆ ಡಬ್ಬಿ ಇರಬೇಕು. ಪ್ರತಿ ಒಂದು ಗಂಟೆಗೊಮ್ಮೆ ಎದ್ದು ಕೂರಬೇಕು. ನಿಜವಾಗಿ ಏನಾದರೂ ಆದರೆ ಬಲಗೈ ಎತ್ತಿ ‘ಇದು ನಂದು’ ಎನ್ನಬೇಕು. ಆ ಮಾತು ಕೇಳಿದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಕೇಳದೆ ಬಾಯಿ ಬಿಡಬಾರದೆಂಬ ಕಟ್ಟಳೆಯೇ ಬದಲಾಯಿತು.

ಈ ಪ್ರಶ್ನೆ ಪುಸ್ತಕದಲ್ಲಿದೆ, ಎಲ್ಲರೂ ಬಾಯಿಪಾಠ ಮಾಡಿರುತ್ತಾರಲ್ಲ ಎಂದು ನಾನು ಜಾಣತನ ತೋರಿಸಲು ಹೋದೆ. ಟೀಚರ್ ನಕ್ಕರು. ಪರೀಕ್ಷೆಯ ದಿನ ಪೇಪರಿನಲ್ಲಿ ಬೆವರಿನ ಮಾತೇ ಇರುವುದಿಲ್ಲ. ಆಪರೇಷನ್ನಿಗೆ ಸಿದ್ಧಮಾಡಿ ಎಂದಷ್ಟೇ ಇರುತ್ತದೆ. ಬರೆದಿದ್ದನ್ನು ಮಾಡುತ್ತ ಮಾಡುತ್ತ ಬರೆಯದ್ದನ್ನು ಕಾಣಬೇಕು. ಕಂಡ ಮೇಲೆ ರೋಗಿಯ ‘ಇಲ್ಲ’ವನ್ನು ನಂಬಿ ಸುಮ್ಮನಾಗದೆ ಬೆರಳು ನೋಡಬೇಕು, ಕೂಡಲೇ ಪರೀಕ್ಷಕರಿಗೆ ಹೇಳಬೇಕು. ಕೆಂಪು ಗೆರೆಯ ಸಾಲಿಗೂ ಈಗ ‘ರಕ್ತದ ಸಕ್ಕರೆ ಇಳಿದಿಲ್ಲವೆಂದು ಖಾತ್ರಿಯಿದ್ದರೆ ಮಾತ್ರ’ ಎಂಬ ಬಾಲ ಅಂಟಿಕೊಂಡಿದೆ.

ಏಳೂವರೆಗೆ ಗಂಟೆ ಬಾರಿಸುತ್ತದೆ. ಟೀಚರ್ ಪರದೆಯ ಹಿಂದೆ ನನಗೊಂದು ಸ್ಟೂಲು ಕೊಡುತ್ತಾರೆ. ಮೊದಲು ಬಂದ ಹುಡುಗ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಾನೆ: ಕೈ ತೊಳೆಯುತ್ತಾನೆ, ಒಪ್ಪಿಗೆ ಪತ್ರಕ್ಕೆ ಸಹಿ ಇದೆಯೇ ನೋಡುತ್ತಾನೆ, ಹೆದರಬೇಡಿ ಅಮ್ಮ ಅನ್ನುತ್ತಾನೆ. ಕತ್ತಿನ ಕಡೆಗೆ ಕೈ ಹೋಗುವುದಿಲ್ಲ. ಎರಡನೆಯವಳು ದಿಂಬು ಎತ್ತುತ್ತಾಳೆ, ಒದ್ದೆ ತಾಗುತ್ತದೆ, ಸೆಕೆ ಎಂದುಕೊಂಡು ಫ್ಯಾನ್ ಜೋರು ಮಾಡುತ್ತಾಳೆ. ನನಗೆ ಕೂತಲ್ಲೇ ಚಡಪಡಿಕೆ. ಎದ್ದು ಹೋಗಿ ಹೇಳಿಬಿಡಲೇ ಅನ್ನಿಸುತ್ತದೆ. ಅಮ್ಮ ಮಾತ್ರ ಚಾವಣಿ ನೋಡುತ್ತ ಮಲಗಿದ್ದಾರೆ, ಮುಖದಲ್ಲಿ ಸುಳಿವೇ ಇಲ್ಲ. ಮೂರನೆಯವಳು ದಿಂಬಿನ ಬಳಿ ನಿಲ್ಲುತ್ತಾಳೆ. ಸಕ್ಕರೆ ಇದೆಯೇ ಎಂದು ಕೇಳುತ್ತಾಳೆ. ಇಲ್ಲ ಸಿಸ್ಟರ್. ಅವಳು ಅಮ್ಮನ ಕೈಯನ್ನು ತನ್ನ ಅಂಗೈಯಲ್ಲಿ ತಗೊಂಡು ಬೆಳಕಿಗೆ ತಿರುಗಿಸುತ್ತಾಳೆ.

ಬೆರಳಿನ ಚುಕ್ಕೆಗಳು ಬಣ್ಣದವಲ್ಲ, ಅಮ್ಮನವೇ. ಅದೊಂದಕ್ಕೆ ಮೇಕಪ್ ಬೇಕಾಗಿಲ್ಲ.

ಹನ್ನೆರಡೂವರೆ ದಾಟಿದ ಮೇಲೆ ಅಮ್ಮ ಎದ್ದು ಕೂತು, ಕತ್ತು ಒರೆಸಿಕೊಂಡು, ಮೊದಲು ಕೇಳುವುದು ಲೆಕ್ಕ. ಈ ಕೇಸು ಶುರುವಾದ ವರ್ಷ ಬೆರಳು ನೋಡಿದವರು ಒಂಬತ್ತು ಜನ. ಹೋದ ಸಲ ಹದಿನೇಳು. ಟೀಚರ್ ಹಾಳೆ ತಿರುಗಿಸಿ, ಈ ಸಲ ಇಪ್ಪತ್ತೊಂದು ಎನ್ನುತ್ತಾರೆ. ಅಮ್ಮ ಬಾಯೊಳಗೇ ಕಳೆಯುತ್ತಾರೆ. ಇನ್ನೂ ಏಳು.

ಎಷ್ಟು ವರ್ಷ ಹೀಗೆ ಮಲಗುತ್ತೀರಿ ಎಂದು ಕೇಳುತ್ತೇನೆ. ಅವರು ಹೊದಿಕೆಯನ್ನು ಮಡಚಿ, ಅಂಚಿಗೆ ಅಂಚು ಕೂಡಿಸಿ ಮಂಚದ ಕೆಳತುದಿಯಲ್ಲಿಡುತ್ತಾರೆ. ದರ್ಜಿಯ ಕೈ, ಒಂದು ಸುಕ್ಕೂ ಇಲ್ಲ.

“ಆ ಮಗು ನನ್ನ ಕೈ ಹಿಡಿದು ನೋಡ್ತು, ನಾನು ಕೈ ಎಳ್ಕೊಂಡೆ. ಅದು ತೀರಬೇಕಲ್ಲ? ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಜನ ಕೈ ಹಿಡಿದು ನೋಡ್ಲಿ. ಅವತ್ತು ಎದ್ದು ಮನೆಗೆ ಹೋಗ್ತೀನಿ.”