ರೋಗಿಯ ಪಾತ್ರ

ವ್ಯಾಯಾಮ ಮಾಡದ ರೋಗಿಗಳನ್ನು ಬೈಯೋದರಲ್ಲಿ ನನ್ನದು ಎತ್ತಿದ ಕೈ. ಹಳೇ ಬೆನ್ನುನೋವಿಗೆ ವ್ಯಾಯಾಮ ಹೇಳಿಕೊಡೋದು ಹೇಗೆ ಅಂತ ಡಾಕ್ಟರುಗಳಿಗೆ ಆನ್‌ಲೈನ್ ತರಬೇತಿ ನಡೆದಾಗ, ಮಾತು ಕೇಳದ ರೋಗಿಯ ಪಾತ್ರ ನನಗೇ ಬಂತು. ಡಾಕ್ಟರ ಪಾತ್ರದಲ್ಲಿದ್ದ ಹುಡುಗಿ ಪರದೆಯಲ್ಲಿ ಮೆತ್ತಗೆ ಕೇಳಿದಳು, “ದಿನಾ ಸ್ವಲ್ಪ ನಡೀಬಹುದಲ್ವಾ ಸರ್?”

“ಬೆಳಿಗ್ಗೆ ಚಳಿ, ಸಂಜೆ ಸುಸ್ತು. ಹೊಸ ಶೂ ಬೇರೆ ಕಚ್ಚತ್ತೆ. ಸೋಮವಾರದಿಂದ ಶುರು ಮಾಡ್ತೀನಿ ಬಿಡಮ್ಮ,” ಅಂದೆ. ನೆಪ ಹೇಳೋದು ನೀರು ಕುಡಿದಷ್ಟು ಸುಲಭವಾಯಿತು.

ತರಬೇತಿ ಕೊಡುತ್ತಿದ್ದ ಮೇಡಂ, “ಎಷ್ಟು ಸಹಜವಾಗಿ ನಟಿಸಿದ್ರಿ,” ಅಂತ ಮೆಚ್ಚಿಕೊಂಡರು.

“ದಿನಾ ಇಂಥವರನ್ನೇ ನೋಡ್ತೀನಲ್ಲ ಮೇಡಂ,” ಅಂತ ಬೀಗಿದೆ.

ಕ್ಯಾಮೆರಾಗೆ ಕಾಣದ ಹಾಗೆ ಬಗ್ಗಿ, ನನ್ನ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತುತ್ತಿದ್ದ ಹೆಂಡತಿ, “ನಾನೂ ದಿನಾ ಒಬ್ಬರನ್ನ ನೋಡ್ತೀನಿ ಮೇಡಂ,” ಅಂದಳು.

ಮೈಕು ಆನ್ ಇತ್ತು.